ಸರ್ಕಾರದ ಮೀನು ಮತ್ತು ನಮ್ಮತ್ತೆಯ ಬಲಗೈ

ನಮ್ಮತ್ತೆ ಮೀನು ಸಾಕಿದ್ದರು ಎಂದರೆ ಬಳಗದಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಲಿಂಗಪೂಜೆ ಮುಗಿಯದೆ ಬಾಯಿಗೆ ನೀರನ್ನೂ ಹಾಕದ ಹೆಂಗಸು ಅವರು. ಓಣಿಯಲ್ಲಿ ಮೊಟ್ಟೆ ಮಾರುವವನು ಕೂಗಿದರೆ ಸಾಕು, ಬಾಗಿಲು ಮುಂದೆ ಮಾಡುತ್ತಿದ್ದರು. ಆದರೂ ಸಾಕಿದ್ದು ನಿಜ. ಸಾಕಿ ಕೈ ಕೆಡಿಸಿಕೊಂಡದ್ದೂ ನಿಜ.

ಆಗ ನಾವು ರಾವೂರಿನಲ್ಲಿದ್ದೆವು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಹಿತ್ತಲಲ್ಲಿ ಫರಸಿ ಕಲ್ಲು ಜೋಡಿಸಿ ಕಟ್ಟಿದ ದೊಡ್ಡ ನೀರಿನ ತೊಟ್ಟಿ ಇತ್ತು. ಅದನ್ನು ಮನೆಯಲ್ಲಿ ಹೌಜು ಎನ್ನುತ್ತಿದ್ದರು. ದನಕ್ಕೆ, ಬಟ್ಟೆಗೆ, ಪಾತ್ರೆಗೆ ಅದೇ ನೀರು. ಒಂದು ದಿನ ಮಲೇರಿಯಾದವರು ಬಂದು, ಇವು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ ಎಂದು ಹೇಳಿ, ಡಬ್ಬಿಯಲ್ಲಿದ್ದ ಪುಟ್ಟ ಪುಟ್ಟ ಮೀನುಗಳನ್ನು ಅದರೊಳಗೆ ಬಿಟ್ಟು ಹೋದರು. ಸರ್ಕಾರದ ಕೆಲಸಕ್ಕೆ ಅಡ್ಡ ಬರಬಾರದು ಎಂದು ಮಾವ ಸುಮ್ಮನಿದ್ದರು. ಅತ್ತೆ ಮೂಗು ಮುರಿದರು.

ಮೂಗು ಮುರಿದವರು ಕೆಲವೇ ದಿನಗಳಲ್ಲಿ ಹೌಜಿನ ಅಂಚಿಗೆ ಕುಳಿತು ರೊಟ್ಟಿ ಪುಡಿ ಮಾಡಿ ಹಾಕತೊಡಗಿದರು. ಯಾವುದು ಬಸುರಿ, ಯಾವುದು ಹೊಟ್ಟೆಬಾಕ ಎಲ್ಲವೂ ಅವರಿಗೆ ಗೊತ್ತು. ಆಗ ನಾನೂ ಬಸುರಿ. ‘ನನ್ನನ್ನು ಕೇಳುವುದಕ್ಕಿಂತ ಮೊದಲು ಮೀನನ್ನು ಕೇಳುತ್ತಾರೆ’ ಎಂದು ಗಂಡನ ಮುಂದೆ ಮುಖ ಊದಿಸಿಕೊಂಡದ್ದೂ ಉಂಟು. ಹೌಜು ತಿಕ್ಕಿ ತೊಳೆಯುವುದನ್ನೂ ಅತ್ತೆ ಯಾರಿಗೂ ಬಿಡುತ್ತಿರಲಿಲ್ಲ. ಕಲ್ಲಿನ ಮೊನೆಗೆ ಬೆರಳು ತರಚಿದರೆ ಅರಿಶಿಣ ಒತ್ತಿಕೊಂಡು ಮತ್ತೆ ಕೈ ಹಾಕುತ್ತಿದ್ದರು. ಮಳೆಗಾಲ ಮುಗಿಯುವಾಗ ಕೆಲವು ಮೀನುಗಳು ಬಡಕಲಾಗಿ, ಮೈಮೇಲೆ ಹುಣ್ಣಾಗಿ, ಒಂದೊಂದೇ ತೇಲತೊಡಗಿದವು. ಅತ್ತೆ ಅವನ್ನು ಬರಿಗೈಯಲ್ಲಿ ಎತ್ತಿ ಬೇವಿನ ಬುಡದಲ್ಲಿ ಹೂಳಿದರು.

ನಾನು ಹೆರಿಗೆಗೆ ಚಿಂಚೋಳಿಯ ತವರಿಗೆ ಹೋದೆ. ಮಗಳನ್ನು ಎತ್ತಿಕೊಂಡು ತಿರುಗಿ ಬಂದಾಗ ಬಾಗಿಲಲ್ಲಿ ಆರತಿ ಹಿಡಿದು ನಿಂತವಳು ಪಕ್ಕದ ಮನೆಯವಳು. ಅತ್ತೆ ದೂರದಲ್ಲಿ, ಪಡಸಾಲೆಯ ಕಂಬದ ಹಿಂದೆ, ಬಲಗೈಗೆ ಸೆರಗು ಸುತ್ತಿಕೊಂಡು ನಿಂತಿದ್ದರು. ಬೆರಳ ಮೇಲೊಂದು ನೇರಳೆ ಬಣ್ಣದ ಗಂಟು, ಅಲ್ಲಿಂದ ಮೊಣಕೈಯವರೆಗೆ ಸಾಲಾಗಿ ಇನ್ನಷ್ಟು. ಹೆಚ್ಚು ನೋವಿಲ್ಲ, ಮಾಯುವುದೂ ಇಲ್ಲ. ಮುಲಾಮು, ಸೂಜಿ ಯಾವುದಕ್ಕೂ ಜಗ್ಗಿರಲಿಲ್ಲ. ಓಣಿಯ ಹೆಂಗಸರು ‘ದೊಡ್ಡ ರೋಗ’ ಎಂದು ಪಿಸುಗುಟ್ಟುತ್ತಿದ್ದರು. ಕುಷ್ಠದ ಹೆಸರು ಬಾಯಲ್ಲಿ ತರಬಾರದೆಂದು ಹಾಗೆ. ಅವರಿಗಿಂತ ಮೊದಲು ಅದನ್ನು ನಂಬಿದವರು ಅತ್ತೆಯೇ.

“ಹಿಡೀರಿ ಅತ್ತಿ, ನಿಮ್ಮ ಮೊಮ್ಮಗಳು” ಎಂದು ಕೂಸನ್ನು ಚಾಚಿದೆ.

“ಬ್ಯಾಡವ್ವ. ಈ ಕೈಲಿಂದ ಕೂಸಿಗಿ ಏನರ ಹತ್ತಿದ್ರ ನಾ ಹ್ಯಾಂಗ ಬದುಕಲಿ? ದೂರಲಿಂದೇ ನೋಡ್ತೀನಿ” ಎಂದರು.

ಮೊದಲ ಮೊಮ್ಮಗು ಅದು. ಅದಕ್ಕೆಂದು ಹಳೆ ಸೀರೆಗಳ ಕೌದಿ ಹೊಲಿದಿಟ್ಟವರು, ಅದರಲ್ಲಿ ಮಲಗಿದ ಕೂಸನ್ನು ಮುಟ್ಟುತ್ತಿರಲಿಲ್ಲ. ಕಂಬದ ಹತ್ತಿರ ಕುಳಿತು ಅಲ್ಲಿಂದಲೇ ಮಾತನಾಡಿಸುವರು, ಚಪ್ಪಾಳೆ ತಟ್ಟಿ ನಗಿಸುವರು. ಕೂಸು ಕೈ ಚಾಚಿದರೆ ಎದ್ದು ಅಡುಗೆಮನೆಗೆ ಹೋಗುವರು. ರೊಟ್ಟಿ ಬಡಿಯುವುದನ್ನೂ ಬಿಟ್ಟಿದ್ದರಿಂದ ಮನೆಯವರೆಲ್ಲ ನಾನು ಬಡಿದ ಸೊಟ್ಟಗಿನ ರೊಟ್ಟಿ ತಿನ್ನಬೇಕಾಯಿತು. ಇಷ್ಟಾದರೂ ಅತ್ತೆಯ ತಮಾಷೆ ನಿಲ್ಲಲಿಲ್ಲ. “ಲಿಂಗ ಎಡಗೈಯಾಗ ಕುಂದರ್ತದ ನೋಡು. ದೇವರು ಭಾಳ ಶಾಣ್ಯಾ” ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಕೂಸನ್ನು ಮಲಗಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದೂ ಇದೆ.

ಕೊನೆಗೆ ಮಾವ ಅವರನ್ನು ಗುಲಬರ್ಗಾದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕೈಗೆ ಸೂಜಿಯ ಮೊನೆ ತಾಗಿಸಿದಾಗ ಅತ್ತೆ ಚೀರಿದರಂತೆ. “ಭಾಳ ಛಲೋ ಆಯ್ತು, ಚುಚ್ಚಿದ್ದು ಗೊತ್ತಾಗ್ತದ ಅಂದ್ರ ಇದು ದೊಡ್ಡ ರೋಗ ಅಲ್ಲ” ಎಂದ ಡಾಕ್ಟರು ಗಂಟಿನ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಅತ್ತೆ ಅದನ್ನೂ ನಂಬಲಿಲ್ಲ, ಸಮಾಧಾನಕ್ಕೆ ಹೇಳಿದ್ದಾರೆ ಎಂದರು. ಹಾಗಾಗಿ ಪರೀಕ್ಷೆಯ ಫಲ ಕೇಳಲು ಹೋಗುವಾಗ ನಾನೂ ಕೂಸನ್ನು ಕಟ್ಟಿಕೊಂಡು ಹೊರಟೆ.

ಡಾಕ್ಟರು ಅತ್ತೆಯ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತೀರಾ ಸಹಜವಾಗಿ, “ಅವ್ವಾರ, ನೀವು ಮೀನ ಮುಟ್ತೀರೇನು?” ಎಂದು ಕೇಳಿಬಿಟ್ಟರು.

ನಮ್ಮ ಮಾವ ಎತ್ತಿಗೂ ಗದರಿಸಿದವರಲ್ಲ. ಆ ದಿನ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದರು. “ಏನಂತ ತಿಳಕೊಂಡೀರಿ ನಮಗ? ನಾವು ಲಿಂಗವಂತರು! ನಮ್ಮ ಮನ್ಯಾಗ ತಲಿತಲಾಂತರದಿಂದ ಮೀನಿನ ವಾಸನಿ ಸುದ್ದಾ ಇಲ್ಲ. ಏಯ್, ಏಳು, ನಡಿ ಮನಿಗಿ!”

ಅತ್ತೆ ಪಾಪ, ಎದ್ದೇಬಿಟ್ಟರು. ಔಷಧಿ ಬರೆಸಿಕೊಳ್ಳದೆ ಹೀಗೇ ಹೊರಟರೆ ಕಂಬದ ಹತ್ತಿರದ ಆ ಜಾಗವೇ ಅವರಿಗೆ ಖಾಯಂ ಆಗುತ್ತದೆ ಎನ್ನಿಸಿತು. ಮಾವನ ಎದುರು ಜೋರಾಗಿ ಮಾತಾಡದ ನಾನು ಕೂಸಿನ ಸಮೇತ ಬಾಗಿಲಿಗೆ ಅಡ್ಡ ನಿಂತೆ.

“ಮಾವಾರ, ನಿಂದರ್ರಿ. ನಮ್ಮ ಹೌಜಿನಾಗ ಇರೋವು ಏನು ಮತ್ತ?”

ಮಾವ ರುಮಾಲು ಸರಿಮಾಡಿಕೊಂಡು, ಗಂಭೀರವಾಗಿ ಡಾಕ್ಟರ ಕಡೆ ತಿರುಗಿ, “ಅವು ಮೀನ ಅಲ್ರಿ. ಅವು ಸರ್ಕಾರದವು” ಎಂದರು.

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಬಡಕಲಾದ ಮೀನುಗಳ ಕಥೆಯನ್ನು ನಾನು ಹೇಳುತ್ತಿದ್ದಂತೆ ಅವರ ಮುಖದಲ್ಲಿ ಸಮಾಧಾನ ಮೂಡಿತು. “ಪರೀಕ್ಷಾದಾಗೂ ಅದೇ ಬಂದದ. ಕ್ಷಯ, ಕುಷ್ಠ ತರೋ ಕ್ರಿಮಿಗಳ ಬಳಗದ್ದೇ ಇದು, ಖರೆ ಭಾಳ ದೂರದ ಬಳಗ. ನೀರಾಗ ಇರ್ತದ. ಮೀನಿಗಿ ಜಡ್ಡ ತರ್ತದ. ಮನಷ್ಯಾರ ಕೈ ತರಚಿದ್ರ ಅಲ್ಲಿಂದ ಒಳಗ ಹೊಕ್ತದ. ಮನಷ್ಯಾರಿಂದ ಮನಷ್ಯಾರಿಗಿ ಹತ್ತಂಗಿಲ್ಲ. ಕೆಲವು ತಿಂಗಳು ಬಿಡದಂಗ ಗುಳಿಗಿ ತೊಗೊಂಡ್ರ ಹೋಗ್ತದ. ಹೌಜು ಖಾಲಿ ಮಾಡಿ, ಬ್ಲೀಚಿಂಗ್ ಪುಡಿ ಹಾಕಿ ತೊಳಸ್ರಿ. ನೀವು ಮಾತ್ರ ಕೈ ಹಾಕಬ್ಯಾಡ್ರಿ.”

“ಹಂಗಾರ ಮೀನಿಗೂ ಗುಳಿಗಿ ಕೊಡ್ರಿ, ಅವುಕ್ಕೂ ಇದೇ ಜಡ್ಡಲಾ” ಎಂದರು ಅತ್ತೆ. ಅದಕ್ಕೆ ಔಷಧಿ ಇಲ್ಲವೆಂದು ತಿಳಿದಾಗ ಅವರ ಮುಖ ಸಣ್ಣಗಾಯಿತು. ಆಮೇಲೆ ದನಿ ತಗ್ಗಿಸಿ, “ಮತ್ತ… ಕೂಸಿನ್ನ ಎತ್ಕೋಬಹುದೇನ್ರಿ? ಕೈ ಮಾದ ಮ್ಯಾಲೇ ಎತ್ಕೋತೀನಿ, ಅವಸರಿಲ್ಲ” ಎಂದರು.

“ಇವತ್ತೇ ಎತ್ಕೋರಿ. ಹುಣ್ಣಿನ ಮ್ಯಾಲ ಪಟ್ಟಿ ಇರಲಿ, ಅಷ್ಟೇ” ಎಂದ ಡಾಕ್ಟರು ಬರಿಗೈಯಿಂದಲೇ ಆ ಬೆರಳುಗಳನ್ನು ಹಿಡಿದು ತಾವೇ ಪಟ್ಟಿ ಕಟ್ಟಿದರು. ಅತ್ತೆ ತಮ್ಮ ಕೈಯನ್ನಲ್ಲ, ಡಾಕ್ಟರ ಕೈಯನ್ನೇ ನೋಡುತ್ತಿದ್ದರು. ಅವರಿಗೆ ನಂಬಿಕೆ ಬಂದದ್ದು ಆಗ ಎಂದು ನನಗನ್ನಿಸುತ್ತದೆ.

ಊರಿಗೆ ಮರಳಲು ವಾಡಿಯ ಕಡೆಗೆ ಹೋಗುವ ರೈಲು ಹತ್ತಿ ಕುಳಿತಾಗ ನಾನೇನೂ ಕೇಳಲಿಲ್ಲ. ಕೂಸನ್ನು ಅವರ ಮಡಿಲಿಗೆ ಹಾಕಿಬಿಟ್ಟೆ. ಅತ್ತೆಯ ಎರಡೂ ಕೈ ಗಾಳಿಯಲ್ಲೇ ನಿಂತವು. ಕೂಸು ಜಾರತೊಡಗಿದಾಗ ಆ ಕೈಗಳು ತಾವಾಗಿಯೇ ಇಳಿದು ಅದನ್ನು ಅವುಚಿಕೊಂಡವು. ಅತ್ತೆ ಕೂಸಿನ ನೆತ್ತಿಗೆ ಮೂಗು ಒತ್ತಿ ಕಣ್ಣು ಮುಚ್ಚಿದರು. ಮಾವ ಕಿಟಕಿಯ ಆಚೆ ಏನೋ ಮಹತ್ವದ್ದು ಕಂಡವರಂತೆ ಅತ್ತ ತಿರುಗಿ ಕುಳಿತರು.

ಶಹಾಬಾದ ಬರುವ ಹೊತ್ತಿಗೆ ಕೂಸು ಹಸಿದು ಚೀರತೊಡಗಿತು. ಹಾಲು ತುಂಬಿ ನನ್ನ ಎದೆ ಬಿಗಿದಿತ್ತು. ಕೂಸನ್ನು ಕೇಳಿದೆ, ಅತ್ತೆ ಕೊಡಲಿಲ್ಲ. ಮತ್ತೆ ಕೇಳಿದೆ. ರೈಲಿನ ಡಬ್ಬಿಯವರೆಲ್ಲ ನಮ್ಮ ಕಡೆಗೇ ನೋಡುತ್ತಿದ್ದರು.

“ಹಾಲ ಕುಡಸ್ಲಿಕ್ಕರ ಕೊಡ್ರಿ ಅತ್ತೀ! ಎಷ್ಟ ಅಳ್ಲಿಕತ್ತದ ನೋಡ್ರಿ” ಎಂದು ರೇಗಿದೆ.

“ಕೊಡ್ತೀನಿ ತಡಿಯೇ,” ಅತ್ತೆ ತಲೆ ಎತ್ತಲೇ ಇಲ್ಲ. “ನಂದಿನ್ನೂ ಆಗಿಲ್ಲ.”