ಅವ್ವನ ಬಾಯಿ ಕಟ್ಟಿದವಳು

ಹೆಗ್ಗಡದೇವನಕೋಟೆಯ ಕಾಡಂಚಿನ ಬುಡಕಟ್ಟು ಹಾಡಿಯೊಂದರಲ್ಲಿ ಹುಟ್ಟಿದ ವನಿತಾಳ ಮನೆಮಾತು ಬೆಟ್ಟಕುರುಬರ ನುಡಿ. ನಾಲಿಗೆ ಹಿಂದಕ್ಕೆ ಮಡಿಸಿ ಆಡುವ ಸ್ವರಗಳು ಅದರಲ್ಲುಂಟು, ಕನ್ನಡದಲ್ಲಿಲ್ಲ. ಹಾಸ್ಟೆಲಿನಲ್ಲಿ ಅವಳು ಬಾಯಿ ತೆರೆದರೆ ಸಾಕು, ಜೊತೆಯ ಹುಡುಗಿಯರು ಅಣಕಿಸಿ ನಗುತ್ತಿದ್ದರು. ಪಿಯುಸಿ ಮುಗಿಸಿ ಹತ್ತಿರದ ಹ್ಯಾಂಡ್‌ಪೋಸ್ಟ್ ಊರಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೂ ಆ ನಗು ಬೆನ್ನು ಬಿಡಲಿಲ್ಲ.

ಹಾಗಾಗಿ ಮಗಳು ಕಾವ್ಯಾ ಹುಟ್ಟಿದ ವಾರದಲ್ಲೇ ತನ್ನ ಜೊತೆಗೇ ಇದ್ದ ತಾಯಿ ಬೊಮ್ಮಮ್ಮನಿಗೆ ಹೇಳಿಬಿಟ್ಟಳು.

"ಅವ್ವಾ, ಕೂಸಿನ ಮುಂದೆ ನಮ್ ಮಾತು ಬ್ಯಾಡ. ಕನ್ನಡಾನೇ ಆಡು. ನಾನು ಪಟ್ಟಿದ್ದು ಇದಕ್ಕೆ ಬ್ಯಾಡ."

ಬೊಮ್ಮಮ್ಮನ ಕನ್ನಡ ಸಂತೆಗೂ ಕೂಲಿಗೂ ಆಗುವಷ್ಟು. ಕೂಸನ್ನು ಮುದ್ದಿಸಲು ಅದು ಸಾಲಲಿಲ್ಲ. ನೀರು ಎರೆಯುವಾಗಲೂ ತೊಟ್ಟಿಲು ತೂಗುವಾಗಲೂ ಆಕೆ ಸುಮ್ಮನಿರುತ್ತಿದ್ದಳು. ಕೂಸು ಅಜ್ಜಿಯ ತುಟಿಯನ್ನೇ ನೋಡುತ್ತಿತ್ತು.

"ಅತ್ತೆ ಮಂಕಾಗವ್ರೆ ಕಣೆ," ಎಂದ ಗಂಡ ಶಿವಣ್ಣ ಒಂದು ದಿನ. ವನಿತಾ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾವ್ಯಾಗೆ ನಾಲ್ಕು ತುಂಬಿತು. ಅಂಗನವಾಡಿಯಲ್ಲಿ ಅವಳ ಕನ್ನಡ ಕೇಳಿ ಎಲ್ಲರೂ ಹೊಗಳುವವರೇ. ಆ ಹೊತ್ತಿಗೆ ವನಿತಾಳ ತಮ್ಮ ಅಭಿಷೇಕನಿಗೂ ಗಂಡು ಮಗುವಾಗಿತ್ತು. ಅದಕ್ಕೆ ಚುಚ್ಚುಮದ್ದು ಹಾಕಲು ಬಂದ ನರ್ಸ್ ಸುಕನ್ಯ, "ಮನೇಲಿರೋರೆಲ್ಲ ಕೂಸಿನ ಜೊತೆ ನಿಮ್ ಮಾತಲ್ಲೇ ಮಾತಾಡಿ," ಎಂದರು. "ಎಳೆ ಕೂಸಿಗೆ ಯಾವ ಭಾಷೆಯ ದನಿಯಾದ್ರೂ ಬೇರೆಬೇರೆಯಾಗಿ ಕೇಳುತ್ತೆ. ವರ್ಷ ತುಂಬೋ ಹೊತ್ತಿಗೆ, ಮನೇಲಿ ಕೇಳದ ದನಿಗೆ ಕಿವಿ ಮಂದ ಆಗ್ತಾ ಬರುತ್ತೆ."

ಕೂಸನ್ನು ನೋಡಲೆಂದು ತಮ್ಮನ ಮನೆಗೆ ಹೋಗಿದ್ದ ವನಿತಾ ಆ ಮಾತನ್ನು ಮತ್ತೊಮ್ಮೆ ಕೇಳಿ ತಿಳಿದುಕೊಂಡಳು.

ಮನೆಗೆ ಬಂದವಳೇ ಕಾವ್ಯಾಳನ್ನು ಅಜ್ಜಿಯ ಎದುರು ಕೂರಿಸಿ, ಅಜ್ಜಿಯಿಂದ ತಮ್ಮ ನುಡಿಯ ಎರಡು ಪದ ಹೇಳಿಸಿದಳು. ಎರಡಕ್ಕೂ ಇದ್ದ ವ್ಯತ್ಯಾಸ ನಾಲಿಗೆಯ ಮಡಿಕೆಯೊಂದೇ. ಕಾವ್ಯಾ ಎರಡನ್ನೂ ಒಂದೇ ತರ ಹೇಳಿದಳು. ಬೊಮ್ಮಮ್ಮ ನಿಧಾನವಾಗಿ ಮತ್ತೆ ಹೇಳಿಕೊಟ್ಟಳು.

"ಎರಡೂ ಒಂದೇ ಅಲ್ವಾ ಅಜ್ಜಿ?" ಎಂದಿತು ಮಗು.

ಬೊಮ್ಮಮ್ಮ ನಕ್ಕು ಅದರ ತಲೆ ಸವರಿದಳು. ವನಿತಾ ಹಿತ್ತಲಿಗೆ ಹೋಗಿ ಅತ್ತಳು. ಹಿಂದೆಯೇ ಬಂದ ತಾಯಿಗೆ, "ನಿನ್ ಬಾಯಿ ಕಟ್ಟಿದೋಳು ನಾನೇ ಅವ್ವಾ," ಎಂದಳು.

"ಆಸ್ಟಲಿಂದ ನೀನು ಅಳ್ತಾ ಬತ್ತಿದ್ದುದು ನಂಗೆ ಮರ್ತಿಲ್ಲ. ಅದ್ಕೇ ಸುಮ್ಕಿದ್ದೆ. ಓಗ್ಲಿ ಬುಡು."

ಬೈದಿದ್ದರೆ ವನಿತಾಗೆ ಒಂದಿಷ್ಟು ಹಗುರಾಗುತ್ತಿತ್ತೇನೋ.

ಈಗ ಮನೆಯಲ್ಲಿ ಎಲ್ಲರೂ ತಮ್ಮ ಮಾತೇ ಆಡುತ್ತಾರೆ. ಕಾವ್ಯಾಗೂ ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ. ಆ ಸ್ವರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಅಭಿಷೇಕನ ಕೂಸು ಬೊಮ್ಮಮ್ಮನ ತೊಡೆಯ ಮೇಲೆ ಮಲಗಿ, ಆಕೆಯ ಮಾತಿಗೆಲ್ಲ ದನಿಗೂಡಿಸಿ ಕೇಕೆ ಹಾಕುತ್ತದೆ. ಅದನ್ನು ನೋಡುವಾಗ ವನಿತಾಗೆ ಸಂತೋಷವೇ. ಆದರೆ ಪಕ್ಕದಲ್ಲಿ ಕೂತ ಮಗಳ ಮುಖ ನೋಡಲು ಆಗುವುದಿಲ್ಲ.