ಗೇಣುದ್ದವಿಲ್ಲದ ಮೀನು

ನನ್ನ ತಮ್ಮ ಮೂರು ಬೋಟುಗಳ ಧಣಿ, ನನ್ನ ಗಂಡ ದರ್ಜಿ. ಸಮುದ್ರ ಯಾರದು ಎಂದು ಕೇಳಿದರೆ ತಮ್ಮ ಎದೆ ತಟ್ಟಿಕೊಳ್ಳುತ್ತಾನೆ. ಅವನ ಬಡಿವಾರಕ್ಕಿಷ್ಟು ಬೆಂಕಿ ಹಾಕ.

ನಮ್ಮವರು ಆರು ದಿನ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ, ಭಾನುವಾರ ಗಾಳದ ಕೋಲು ಹಿಡಿದು ಬಂದರಿನ ಕಲ್ಲುಗೋಡೆಯ ಮೇಲೆ ಕೂರುವವರು. ಸಿಕ್ಕ ಮೀನನ್ನು ಅಂಗಡಿಯ ಟೇಪು ಹಿಡಿದು ಅಳೆಯುತ್ತಿದ್ದರು. ಗೇಣುದ್ದವಿಲ್ಲದ್ದು ವಾಪಸ್ಸು ನೀರಿಗೆ. "ಒಂದು ಸಲಾನೂ ಮೊಟ್ಟೆ ಇಡದೇ ಇರೋದನ್ನ ತಿನ್ನಬಾರದು ಕಣೇ" ಎನ್ನುವರು. ಜೊತೆಯ ಗಾಳದವರು ನಕ್ಕು 'ಅಳತೆ ಮಾಸ್ತರು' ಎಂದು ಹೆಸರಿಟ್ಟರು. ಬರಿ ಬುಟ್ಟಿ ತಂದ ದಿನ ನಾನೂ ಬಾಯಿಗೆ ಬಂದಂತೆ ಬೈದಿದ್ದೇನೆ. ಆದರೂ ಇಪ್ಪತ್ತೆರಡು ವರ್ಷ ಆ ನೇಮ ಮುರಿಯಲಿಲ್ಲ, ಪುಣ್ಯಾತ್ಮ. ಅವರ ಮರ್ಯಾದೆಯೆಲ್ಲ ಆ ಒಂದು ಹಟದಲ್ಲಿತ್ತು.

ಮೂರು ವರ್ಷದ ಕೆಳಗೆ ತಮ್ಮನ ಬೋಟುಗಳು ದಡದ ಹತ್ತಿರವೇ ಬಂದು ಮೀನು ಗೋರತೊಡಗಿದವು. ಅವನ ಬಲೆಯ ಕಣ್ಣಿನಲ್ಲಿ ನನ್ನ ಕಿರುಬೆರಳೂ ತೂರದು. ಕಲ್ಲುಗೋಡೆಯ ಮೇಲೆ ಕೂರುತ್ತಿದ್ದ ಹದಿನೈದು ಮಂದಿಯಲ್ಲಿ ನಮ್ಮವರೊಬ್ಬರೇ ಉಳಿದರು. ಗಾಳ ಮಾರುತ್ತಿದ್ದವನು ಈಗ ಮೊಬೈಲ್ ಕವರ್ ಮಾರುತ್ತಾನೆ.

ಒಂದು ಬೆಳಿಗ್ಗೆ ನಾವಿಬ್ಬರೂ ತಮ್ಮನ ಬೋಟು ಖಾಲಿ ಮಾಡುವಲ್ಲಿಗೆ ಹೋದೆವು. ಸೊಂಟದೆತ್ತರ ಮರಿಮೀನಿನ ರಾಶಿ. ಕೂಲಿಯವರು ಸಲಿಕೆಯಲ್ಲಿ ಎತ್ತಿ ಲಾರಿಗೆ ಸುರಿಯುತ್ತಿದ್ದರು. ನಮ್ಮವರು ಟೇಪು ಬಿಚ್ಚಿ, ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ ಅಳೆಯತೊಡಗಿದರು. ಎಲ್ಲರೂ ಗೊಳ್ಳೆಂದು ನಕ್ಕರು.

"ಭಾವಾ, ಅದು ಕೋಳಿ ಮೇವಿನ ಪುಡಿಗೆ ಹೋಗೋ ಮೀನು. ಅಳತೆ ತಗೊಂಡು ಅಂಗಿ ಹೊಲೀತೀರಾ?" ಎಂದ ತಮ್ಮ.

"ನಾನು ಬಿಟ್ಟಿದ್ದನ್ನೆಲ್ಲ ನೀನು ಹಿಡ್ಕೊಂಡು ಬಂದಿದೀಯಲ್ಲೋ."

"ನಾನು ಬಿಟ್ರೆ ಪಕ್ಕದ ಬೋಟಿನವನು ಬಿಡ್ತಾನಾ? ನಿಮಗಿದು ಆಟ ಭಾವ, ನಮಗೆ ಹೊಟ್ಟೆಪಾಡು."

"ಮೂರಂತಸ್ತಿನ ಮನೆ ಕಟ್ಟಿದ ಹೊಟ್ಟೆ ಅಲ್ವೇನೋ ಅದು!" ಎಂದು ನಾನು ಕೂಗಿದೆ. ನಮ್ಮವರು ಟೇಪು ಸುತ್ತಿ ಜೇಬಿಗಿಟ್ಟುಕೊಂಡು ಎದ್ದರು.

ಮೊನ್ನೆ ಭಾನುವಾರ ಮಧ್ಯಾಹ್ನ ಅವರು ಬುಟ್ಟಿ ತಂದು ಅಡುಗೆಮನೆಯಲ್ಲಿಟ್ಟರು. ಒಳಗೆ ಒಂದೇ ಮೀನು, ನಾಲ್ಕು ಬೆರಳಿನಷ್ಟು. ನಾನು ಅವರ ಮುಖ ನೋಡಿದೆ.

"ಬಿಟ್ರೂ ನಿನ್ನ ತಮ್ಮನ ಬಲೆಗೇ ತಾನೆ ಹೋಗೋದು? ಹುರಿದು ಹಾಕು" ಎಂದು ಕೈ ತೊಳೆಯಲು ಹೋದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮೀನನ್ನು ಕಾಗದದಲ್ಲಿ ಸುತ್ತಿಕೊಂಡು ನೆಟ್ಟಗೆ ತಮ್ಮನ ಮನೆಗೆ ನಡೆದೆ. ಅವನು ಊಟಕ್ಕೆ ಕುಳಿತಿದ್ದ. ಹಸಿ ಮೀನನ್ನು ಅವನ ತಟ್ಟೆಗೇ ಹಾಕಿದೆ.

"ಏನಕ್ಕಾ ಇದು?"

"ನಿನ್ನ ಭಾವ ಮನೆಗೆ ತಂದಿದ್ದು. ಅವರನ್ನೂ ನಿನ್ನ ಹಾಗೇ ಮಾಡಿಬಿಟ್ಟೆಯಲ್ಲೋ. ತಿನ್ನು."