ತಮ್ಮನ ಕೊರಳ ಶಿವದಾರ

ಸಾಯಲು ಹೊರಟು ಉಳಿದುಕೊಂಡ ತಮ್ಮನನ್ನು ಚಾಮರಾಜನಗರದ ಆಸ್ಪತ್ರೆಯಿಂದ ಬೇಗೂರಿನ ನಮ್ಮ ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದ್ದರು: ಒಬ್ಬನನ್ನೇ ಬಿಡಬೇಡಿ, ಅಪಾಯದ ವಸ್ತು ಅವನ ಕೈಗೆ ಸಿಗಬಾರದು.

ನಮ್ಮ ದೊಡ್ಡಪ್ಪನಿಗೆ ಹಿಡಿದದ್ದೇ ಹಟ. ಹೊಲಕ್ಕೆ ಹೊಡೆಯುವ ಔಷಧಿ, ಕುಡುಗೋಲು, ಹಗ್ಗ ಎಲ್ಲ ಪಕ್ಕದ ಮನೆ ಸೇರಿದವು. ಕೊನೆಗೆ ತಮ್ಮನ ಕೊರಳಿಗೇ ಕೈಹಾಕಿ, ಇಷ್ಟಲಿಂಗವಿದ್ದ ಪುಟ್ಟ ಕರಡಿಗೆಯನ್ನು ಅದನ್ನು ಕಟ್ಟಿದ ಶಿವದಾರದ ಸಮೇತ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ದಾರ ಗಟ್ಟಿ ಅದೆ ಕಣಮ್ಮಿ, ನಂಬಂಗಿಲ್ಲ" ಎಂದರು ನನಗೆ.

ಅಂದಿನಿಂದ ತಮ್ಮ ಅನ್ನ ಬಿಟ್ಟ. ಅಮ್ಮ ಮುದ್ದೆ ಮುರಿದು ಬಾಯಿಗಿಟ್ಟರೂ ತುಟಿ ತೆರೆಯಲಿಲ್ಲ. ಮನಸ್ಸಿನ ರೋಗ ಜಾಸ್ತಿಯಾಯಿತು ಎಂದುಕೊಂಡೆವು. ಗುಂಡ್ಲುಪೇಟೆಯ ನೆಂಟರು ಬಂದು, ಅವನ ಎದುರೇ ಅವನ ವಿಷಯ ಮಾತಾಡಿ, ಕಾಫಿ ಕುಡಿದು ಹೋದರು. ನನಗೆ ಮೈಯೆಲ್ಲ ಉರಿಯಿತು. ಕಾಯುವವರು ಮನೆ ತುಂಬ ಇದ್ದರು, ಮಾತಾಡಿಸುವವರು ಒಬ್ಬರೂ ಇರಲಿಲ್ಲ.

ಮತ್ತೆ ಆಸ್ಪತ್ರೆಗೆ ಕರೆದೊಯ್ದೆವು. ಈ ಸಲ ಡಾಕ್ಟರಮ್ಮ ನಮ್ಮನ್ನು ಸುಮ್ಮನಿರಿಸಿ, ಜೊತೆಗೆ ಯಾರಿರಬೇಕೆಂದು ಅವನನ್ನೇ ಕೇಳಿದರು. ಬದನಗುಪ್ಪೆಯ ಕಾರ್ಖಾನೆಯಲ್ಲಿ ಅವನ ಜೊತೆ ದುಡಿಯುವ ಗೆಳೆಯನ ಹೆಸರು ಹೇಳಿದ. ಫೋನ್ ಮಾಡಿದೆವು. ಗೆಳೆಯ ಯೂನಿಫಾರಂನಲ್ಲೇ ಬಂದು ಪಕ್ಕದಲ್ಲಿ ಕೂತ.

"ಯಾಕ್ಲಾ ಉಣ್ತಿಲ್ಲ?"

"ಲಿಂಗಪೂಜೆ ಮಾಡ್ದೆ ಎಂಗ್ಲಾ ಉಣ್ಲಿ?" ತಮ್ಮ ಅತ್ತುಬಿಟ್ಟ. "ಸತ್ತೋರ್ನ ಮಣ್ ಮಾಡ್ವಾಗ್ಲೂ ಅಂಗೈಲಿ ಲಿಂಗ ಇಡ್ತಾರೆ. ನಂಗೆ ಬದ್ಕಿದ್ದಂಗೇ ಕಿತ್ಕಬುಟ್ರು."

ದೊಡ್ಡಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. "ಉಳಿಸ್ಕಳನ ಅಂತ ಮಾಡ್ದೆ ಕಣ್ಲಾ..."

ಮುಂದೇನು ಮಾಡಬೇಕೆಂದು ಎಲ್ಲರೂ ಕೂತು ಮಾತಾಡಿದೆವು. ದಾರಿ ಹೇಳಿದವನು ತಮ್ಮನೇ. ದಾರ ಬೇಡ, ಕರಡಿಗೆ ಅಮ್ಮನ ಸೆರಗಿನ ಗಂಟಿನಲ್ಲಿರಲಿ. ಬೆಳಿಗ್ಗೆ ಸ್ನಾನವಾದ ಮೇಲೆ ಅಮ್ಮ ಲಿಂಗವನ್ನು ಅಂಗೈಗೆ ಕೊಡಲಿ, ಪೂಜೆ ಮುಗಿಯುವ ತನಕ ಒಬ್ಬರು ಜೊತೆಗಿರಲಿ. ರಾತ್ರಿ ಶಿಫ್ಟ್ ಮುಗಿಸಿ ಬೆಳಿಗ್ಗೆ ತಾನೇ ಬರುತ್ತೇನೆಂದ ಗೆಳೆಯ. ಅಂದು ಸಂಜೆ ಮನೆಗೆ ಬಂದು ಲಿಂಗಪೂಜೆ ಮಾಡಿ ತಮ್ಮ ಅರ್ಧ ಮುದ್ದೆ ಉಂಡ. ಅಮ್ಮ ಒಲೆಯ ಮುಂದೆ ಕೂತು ಅತ್ತರು.

ಕಾಯಿಲೆ ಹೋಗಿಲ್ಲ. ಮಾತ್ರೆಗಳು ನಡೆಯುತ್ತಿವೆ. ಒಳ್ಳೆಯ ದಿನ ಅವನೇ ಅಮ್ಮನನ್ನು ಕೂಗುತ್ತಾನೆ. ಕೆಟ್ಟ ದಿನ ಸ್ನಾನಕ್ಕೆ ಕಾಯಿಸಿದ ನೀರು ಆರಿಹೋದರೂ ಗೋಡೆಯ ಕಡೆ ತಿರುಗಿ ಮಲಗಿರುತ್ತಾನೆ. ಆಗ ಯಾರೂ ಬಲವಂತ ಮಾಡುವುದಿಲ್ಲ. ಗೆಳೆಯ ಪಕ್ಕದಲ್ಲಿ ಕೂತು ಕಾರ್ಖಾನೆಯ ಸುದ್ದಿ ಹೇಳುತ್ತಿರುತ್ತಾನೆ, ಅಮ್ಮ ಲಿಂಗ ಹಿಡಿದು ಕಾಯುತ್ತಾರೆ. ಅವನು ಅಂಗೈ ಚಾಚುವ ತನಕ ದೊಡ್ಡಪ್ಪ ಒಂದು ತೊಟ್ಟು ಕಾಫಿಯನ್ನೂ ಮುಟ್ಟುವುದಿಲ್ಲ.

ಇವತ್ತು ಮಧ್ಯಾಹ್ನವಾಯಿತು. ದೊಡ್ಡಪ್ಪನ ಕಾಫಿ ಹಾಗೇ ಇದೆ.